ಹೆಸರು ಇಲ್ಲಿ, ದನಿ ಎಲ್ಲಿ?

"ಕೈ ಹಿಂದ ತಗಿ! ಅದನ್ನ ಮುಟ್ಟಬ್ಯಾಡ!"

ಪಿಎಸ್‌ಐ ಲಲಿತಾ ಒದರಿದ ರಭಸಕ್ಕೆ ಹೊರಗೆ ಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದ ಇಬ್ಬರು ಮುದುಕರು ಧಡಕ್ಕನೆ ಎದ್ದು ನಿಂತರು. ಸುರೇಖಾ ಮುಟ್ಟಲು ಹೋದದ್ದು ಬಾಂಬನ್ನೇನಲ್ಲ. ಕಂಪ್ಯೂಟರಿನ ಮೇಲೆ ಧೂಳು ಕೂರದಿರಲೆಂದು ಹೊದಿಸಿದ್ದ ಹಳೇ ಇಳಕಲ್ ಸೀರೆಯ ತುಂಡನ್ನು, ಅಷ್ಟೇ.

"ಅರಿವಿ ಜಾಡಸಾಕ ಹೊಂಟಿದ್ನಿರಿ ಮೇಡಂ. ಇಪ್ಪತ್ತು ದಿನದಿಂದ ಸೀಲ್ ಆಗಿ ಕುಂತೈತಿ."

"ಜಾಡಸಾಕ ನಮಗ ಬರ್ತೈತಿ. ನೀ ಆ ಮೂಲ್ಯಾಗ ನಿಂದ್ರು."

ಊರ ಮಂದಿಗೆಲ್ಲ 'ರಿ' ಹಚ್ಚಿ ಮಾತಾಡುವ ಲಲಿತಾ ಇವಳೊಬ್ಬಳಿಗೆ ಮಾತ್ರ 'ನೀ' ಅಂದಳು. ಮತೀನ ಅದನ್ನು ಗುರುತು ಹಿಡಿದ. ಆರು ವರ್ಷದಿಂದ ಅವಳ ಕೈಕೆಳಗೆ ದುಡಿಯುವ ಈ ಇಳಕಲ್ಲಿನ ಕಾನ್‌ಸ್ಟೇಬಲ್ ಕಂಪ್ಯೂಟರಿನಲ್ಲಿ ಎಷ್ಟು ಚುರುಕೋ ಮೇಡಮ್ಮರ ಮುಖ ಓದುವುದರಲ್ಲೂ ಅಷ್ಟೇ ಚುರುಕು. ಬಾಯಿ ಮಾತ್ರ ಬಿಗಿ. ಸುಮ್ಮನೆ ಸೀಲು ಬಿಚ್ಚಿ, ಅರಿವೆ ತೆಗೆದು, ಸ್ವಿಚ್ಚು ಹಾಕಿದ.

ಪ್ರಕರಣ ಇಷ್ಟೇ. ಡೊಳ್ಳಿನ ಹಾಡಿನ ಹುಲ್ಲಪ್ಪ ತಾನು ಸತ್ತ ದಿನವೇ ಹಾಡಿಟ್ಟ ಕಡೆಯ ಹಾಡು ಭಂಡಾರದ ಮಷೀನಿನಿಂದ ಮಾಯವಾಗಿದೆ, ಮಾಯ ಮಾಡಿದಾಕೆ ಅವನ ಸೊಸೆ ಸುರೇಖಾ ಎಂದು ದೂರು.

ಭಂಡಾರವೆಂದರೆ ಕಮತಗಿಯ ಹುಲ್ಲಪ್ಪನ ಮನೆಯ ಮುಂದಿನ ಕೋಣೆಯೇ. ಬಾಗಲಕೋಟೆಯ ಒಂದು ಟ್ರಸ್ಟಿನವರು ಸುತ್ತಲಿನ ಹಾಡುಗಳೆಲ್ಲ ಒಂದು ಕಡೆ ಉಳಿಯಲೆಂದು ಇಲ್ಲಿ ಮಷೀನು ಕೂರಿಸಿ, ನೋಡಿಕೊಳ್ಳಲು ಸುರೇಖಾಳನ್ನು ನೇಮಿಸಿದ್ದರು. ಮೂರು ಸಾವಿರ ಹಾಡು. ಅವುಗಳಲ್ಲಿ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಹೋಗಿದ್ದರೆ ಯಾರೂ ಇಷ್ಟು ಬಡಿದಾಡುತ್ತಿರಲಿಲ್ಲ. ಹೋದದ್ದು ಆ ಒಂದು.

ಡೊಳ್ಳಿನ ಮೇಳದವರ ರೀತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡಲಾಗದವರು ತಲೆ ತಗ್ಗಿಸಿ ಡೊಳ್ಳು ಇಳಿಸಬೇಕು. ಇಪ್ಪತ್ತು ವರ್ಷದ ಹಿಂದೆ ಕುಳಗೇರಿ ಕ್ರಾಸಿನ ಸೋಮಲಿಂಗನ ಮೇಳ ಒಂದು ಸವಾಲು ಹಾಕಿತ್ತು. ಅದಕ್ಕೆ ಜವಾಬು ಕಟ್ಟಿದವನು ಹುಲ್ಲಪ್ಪನೊಬ್ಬನೇ. ಕಟ್ಟಿದ, ಯಾರ ಮುಂದೂ ಹಾಡಲಿಲ್ಲ. ನನ್ನ ಹಿಂದೆ ಮೇಳ ನಡೆಸುವವರು ಯಾರೋ ಅವರ ಕೈಗೇ ಕೊಡುತ್ತೇನೆ ಅಂದಿದ್ದ. ಆ ಜವಾಬು ಯಾರದೋ ಮೇಳ ಅವರದು.

ಇವತ್ತು ಮುಂಜಾನೆ ಸೋಮಲಿಂಗನನ್ನೂ ಲಲಿತಾ ಜಾಲಾಡಿ ಬಂದಿದ್ದಳು. ಕ್ರಾಸಿನ ಚಹಾದಂಗಡಿಯಲ್ಲಿ ಆ ಮುದುಕ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ. "ಖರೆ ಹೇಳ್ತೇನ್ರಿ, ನನಗ ಹೊಟ್ಟಿಕಿಚ್ಚು ಐತಿ. ಇಪ್ಪತ್ತು ವರ್ಷದಿಂದ ನಿದ್ದಿ ಬಂದಿಲ್ಲ. ಆದ್ರ ನನ್ನ ಸವಾಲಿಗೆ ಅಂವನ ಜವಾಬು ನಾನ ಕದ್ದು ಏನ ಮಾಡ್ಲಿ? ತಿರಗಿ ನನಗ ನಾನ ಹಾಡಕೊಳ್ಳಲೇನು?"

ಮಾತು ಸರಿ ಅನಿಸಿತ್ತು. ಸರಿ ಅನಿಸಿದ್ದಕ್ಕೆ ಲಲಿತಾಗೆ ಒಳಗೊಳಗೇ ಖುಷಿಯೂ ಆಗಿತ್ತು. ಸೋಮಲಿಂಗ ಹೊರಗೆ ಬಿದ್ದರೆ ಉಳಿಯುವವಳು ಸುರೇಖಾ.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬರಬೇಕಿದ್ದವಳು ಲಲಿತಾ. ಹುಲ್ಲಪ್ಪನ ಮಗ ಮುತ್ತುರಾಜನ ಜೊತೆ ನಿಶ್ಚಯ ಮುಗಿದಿತ್ತು. ಅಷ್ಟರಲ್ಲಿ ಅವಳು ಪಿಎಸ್‌ಐ ಪರೀಕ್ಷೆ ಪಾಸಾದಳು, ಎರಡೂ ಮನೆಗಳ ನಡುವೆ ಸಂಬಂಧದ ಮಾತಿಗೆ ಓಡಾಡುತ್ತಿದ್ದ ಅಂದಪ್ಪ ಒಂದು ಮಾತು ತಂದ. "ಖಾಕಿ ಹಾಕೊಳ್ಳೋ ಸೊಸಿ ನಮಗ ಬ್ಯಾಡಂತ." ಮುಗಿಯಿತು.

ಗಂಡು ಹೋದದ್ದಕ್ಕೆ ಅವಳಿಗೆ ಅಷ್ಟೇನೂ ಸಂಕಟವಾಗಿರಲಿಲ್ಲ. ಮುತ್ತುರಾಜ ಹೋದರೆ ಹೋಗಲಿ. ಆದರೆ ಹನ್ನೆರಡನೆಯ ವಯಸ್ಸಿನಿಂದ ಸಾಲಿ ಬಿಟ್ಟೊಡನೆ ಓಡಿ ಬಂದು ಇದೇ ಕಟ್ಟೆಯ ಮೇಲೆ ಕೂತು ಹುಲ್ಲಪ್ಪನಿಂದ ಹಾಡು ಕಲಿತವಳು ಅವಳು. "ಜವಾಬು ಒಂದಿನ ನಿನಗ ಕೊಡ್ತೇನಿ ಮಗಳ," ಅಂದಿದ್ದ ಅವನು. ಆ ಬಾಗಿಲೇ ಮುಚ್ಚಿತ್ತು. ಆಮೇಲೆ ಬಂದವಳು ಈ ಸುರೇಖಾ. ಇವಳು ಕಂಪ್ಯೂಟರ್ ನೌಕರಿ ಮಾಡಬಹುದು, ಸ್ಟೇಜಿನ ಮೇಲೆ ಮಾವನ ಪಕ್ಕ ಕಿವಿಗೆ ಕೈ ಹಚ್ಚಿ ಹಾಡಬಹುದು. ನನಗೆ ಬೇಡವೆಂದದ್ದು ಇವಳಿಗೆ ಹೇಗೆ ಹೌದಾಯಿತು? ಈ ಪ್ರಶ್ನೆಯನ್ನು ಲಲಿತಾ ಹನ್ನೊಂದು ವರ್ಷದಿಂದ ಯಾರನ್ನೂ ಕೇಳಿರಲಿಲ್ಲ.

ಇಂಥವಳು ಈ ಕೇಸು ತಗೊಳ್ಳಲೇಬಾರದಿತ್ತು. ಸಾಹೇಬರಿಗೆ ಹೇಳಿ ಬಿಟ್ಟುಕೊಡಬೇಕಿತ್ತು. ಹೇಳಲಿಲ್ಲ. ಅವಳ ಬ್ಯಾಗಿನಲ್ಲಿ ಸುರೇಖಾಳ ಬಂಧನದ ಕಾಗದ ತಯಾರಾಗಿ ಕೂತಿತ್ತು. "ನೋಟಿಸ್ ಕೊಟ್ಟು ವಿಚಾರಣೆಗೆ ಕರದ್ರೂ ನಡೀತಿತ್ತಲ್ರಿ?" ಎಂದು ಮತೀನ ದಾರಿಯಲ್ಲಿ ಮೆಲ್ಲಗೆ ಕೇಳಿದ್ದಕ್ಕೆ, "ನಿನ್ನ ಕೆಲಸ ನೀ ನೋಡು," ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಸುಲಭಕ್ಕೆ ಬಂಧಿಸುವಂತಿಲ್ಲ. ಗೋಡೆಯ ಗಡಿಯಾರದಲ್ಲಿ ಆಗ ನಾಲ್ಕೂ ಮುಕ್ಕಾಲು.

ಫೋನು ಗುಂಯ್ ಅಂದಿತು. ಟ್ರಸ್ಟಿನ ಕಾರ್ಯದರ್ಶಿ ರಾಚಯ್ಯ, ದೂರು ಕೊಟ್ಟವರು.

"ಆತೇನ್ರಿ ಮೇಡಂ? ಆಕೀನ್ನ ಕರಕೊಂಡು ಹೊಂಟ್ರೇನು?"

"ಮಷೀನು ನೋಡಾಕತ್ತೇವ್ರಿ. ಹೊತ್ತು ಮುಳುಗೂದ್ರೊಳಗ ಆಕ್ಕೈತಿ," ಅಂದಳು ಲಲಿತಾ. ಮೂಲೆಯಲ್ಲಿ ನಿಂತವಳಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಅಂದಳು.

ಸುರೇಖಾ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಅದೂ ಲಲಿತಾಗೆ ಸೊಕ್ಕಿನ ಹಾಗೆ ಕಂಡಿತು.

ಲಲಿತಾಳ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಒಂದು ಜೊತೆ ಹಿತ್ತಾಳೆ ತಾಳ ನೇತಾಡುತ್ತಿತ್ತು. ಒಂದರ ಅಂಚು ಸೊಟ್ಟಗಾಗಿತ್ತು. ಆ ಸೊಟ್ಟು ಹೇಗೆ ಬಿತ್ತೆಂದು ಲಲಿತಾಗೆ ಚೆನ್ನಾಗಿ ಗೊತ್ತು. ಹದಿಮೂರರ ವಯಸ್ಸಿನಲ್ಲಿ ಈ ಕಟ್ಟೆಯಿಂದ ಜಿಗಿಯುವಾಗ ಅವಳೇ ಕೆಡವಿದ್ದಳು. ಹುಲ್ಲಪ್ಪ ಅವಳಿಗೆಂದೇ ತಂದುಕೊಟ್ಟ ತಾಳ ಅವು. ಈಗ ಅವಕ್ಕೆ ಹೊಸ ಕೆಂಪು ದಾರ ಕಟ್ಟಿತ್ತು. ನನ್ನ ತಾಳಕ್ಕೂ ಇವಳದೇ ದಾರ ಎಂದುಕೊಂಡು ಅವಳು ಅತ್ತ ಬೆನ್ನು ತಿರುಗಿಸಿದಳು.

"ಮೇಡಂ, ಇಲ್ಲಿ ಬರ್ರಿ ಸ್ವಲ್ಪ," ಎಂದ ಮತೀನ.

ಪರದೆಯ ಮೇಲೆ ಒಂದು ಸಾಲಿತ್ತು. ಕಡೇ ಜವಾಬು, ಫೆಬ್ರವರಿ ಇಪ್ಪತ್ತು, ನಲವತ್ತೇಳು ನಿಮಿಷ. ಮತೀನ ಅದರ ಮೇಲೆ ಒತ್ತಿದ. ಖಾಲಿ. ಬೂದು ಬಣ್ಣದ ಚೌಕ, ಅಷ್ಟೇ.

"ಇದು ನಮಗ ಗೊತ್ತಿದ್ದದ್ದಲ್ಲೇನೋ? ಆಕಿ ಅಳಿಸ್ಯಾಳ."

"ಅಳಿಸಿಲ್ರಿ. ನಾವು ಅಲ್ಲೇ ತಪ್ಪೀವಿ. ಅಳಿಸಿದ್ರ ಹೆಸರೂ ಹೋಗತಿತ್ತು." ಮತೀನ ಕುರ್ಚಿ ತಿರುಗಿಸಿಕೊಂಡ. "ಈ ಭಂಡಾರ ಎರಡು ಕಡೆ ಇಡತೈತಿ. ಹಾಡಿನ ಹೆಸರು, ಊರು, ತಾರೀಖು, ಇಂಥಾ ಸಣ್ಣ ಸಾಮಾನೆಲ್ಲಾ ಮಷೀನಿನ ಒಳಗ, ಡೇಟಾಬೇಸ್‌ನ್ಯಾಗ. ದನಿ, ವಿಡಿಯೋ ಭಾಳ ದೊಡ್ಡವು, ಅವು ಒಳಗ ಹಿಡಿಸೂದಿಲ್ಲ. ಅವನ್ನ ಹೊರಗ ಈ ಕರೀ ಡಿಸ್ಕಿನ್ಯಾಗ ಇಟ್ಟು, ಒಳಗ ಬರೇ ಗುರುತು ಇಟಗೋತೈತಿ. ಗುಡಿ ಮುಂದ ಚಪ್ಪಲಿ ಬಿಟ್ಟು ಟೋಕನ್ ಇಸ್ಕೊಂಡಂಗ. ಈಗ ನಮ್ಮ ಕೈಯಾಗ ಟೋಕನ್ ಐತಿ, ಸ್ಟ್ಯಾಂಡಿನ್ಯಾಗ ಚಪ್ಪಲಿ ಇಲ್ಲ."

"ಅಂದ್ರ ಬ್ಯಾರೆ ಸ್ಟ್ಯಾಂಡಿನ್ಯಾಗ ಇಟ್ಟಾರ."

"ಹಾಂ! ಬರೋಬ್ಬರಿ ಹೇಳಿದ್ರಿ. ದೊಡ್ಡ ಸಾಮಾನು ಎಲ್ಲಿ ಇಡಬೇಕಂತ ಹೇಳೂದು ಸೆಟ್ಟಿಂಗಿನ್ಯಾಗ ಒಂದ ಒಂದು ಸಾಲು. ಆ ಸಾಲು ತಿದ್ದಿದಾಗೆಲ್ಲಾ ಇದು ಹಳೇದರ ನಕಲು ಇಟಗೋತೈತಿ. ಇಲ್ಲಿ ನೋಡ್ರಿ. ಆವತ್ತ ಮಧ್ಯಾಹ್ನ ಮೂರೂ ನಲವತ್ತಕ್ಕ ಯಾರೋ ಸಾಲು ತಿದ್ದಿ, ಹೊರಗಿಂದ ತಂದ ಬ್ಯಾರೆ ಡಿಸ್ಕಿನ ಹಾದಿ ಹಚ್ಚ್ಯಾರ. ಆಮ್ಯಾಲ ಹಾಡು ಹಿಡದಾರ. ಐದೂ ಐದಕ್ಕ ಸಾಲು ಮೊದಲಿನಂಗ ಮಾಡ್ಯಾರ. ಡಿಸ್ಕು ಬಿಚಗೊಂಡು ಹೋಗ್ಯಾರ. ಹಾಡು ಹೋತು, ಹೆಸರು ಉಳೀತು."

ಲಲಿತಾ ಪರದೆಯ ಕಡೆ ಬಾಗಿದಳು. "ಯಾರ ಲಾಗಿನ್?"

ಮತೀನ ಪಟ್ಟಿ ಕೆಳಗೆ ಸರಿಸಿದ. "ಇಕೀದರಿ. ಸುರೇಖಾಂದು."

ಸಿಕ್ಕಳು! ಆ ಒಂದು ಶಬ್ದಕ್ಕೆ ಲಲಿತಾಗೆ ಎಷ್ಟು ಸಂತೋಷವಾಯಿತೆಂದರೆ, ತನ್ನ ಸಂತೋಷಕ್ಕೆ ತಾನೇ ಒಂದಿಷ್ಟು ಹೇಸಿದಳು. ಆದರೂ ಬ್ಯಾಗಿಗೆ ಕೈ ಹಾಕಿದಳು. ಕಾಗದದ ಅಂಚು ಬೆರಳಿಗೆ ಸಿಕ್ಕಿತು.

"ಆವತ್ತ ಮಧ್ಯಾಹ್ನ ಎಲ್ಲಿದ್ದಿ ನೀ?"

"ಬಾದಾಮಿಗೆ ಹೋಗಿದ್ನಿರಿ, ಒಬ್ಬ ಅಜ್ಜಿ ಹಾಡು ಕೇಳಾಕ. ಅಜ್ಜಿ ಊರಾಗಿರಲಿಲ್ಲ, ತಿರಗಿ ಬಂದೆ. ಬರೂದ್ರಾಗ ಆರಾಗಿತ್ತು. ಮಾವಾರು ಹಾಸಿಗ್ಯಾಗ..." ಮಾತು ಅಲ್ಲಿಗೇ ನಿಂತಿತು.

"ಅಜ್ಜಿ ಇರಲಿಲ್ಲ, ನೋಡಿದವ್ರು ಯಾರೂ ಇಲ್ಲ. ಚಲೋ ಆತು! ನಿನ್ನ ಗಂಡ?"

"ಇಳಕಲ್ಲಿನ್ಯಾಗಿದ್ರು. ಗ್ರಾನೈಟ್ ಕೆಲಸಕ್ಕ. ನಾ ಫೋನ್ ಮಾಡಿದ ಮ್ಯಾಲ ಬಂದ್ರು."

ಮುತ್ತುರಾಜನೂ ಹಾಗೇ ಹೇಳಿಕೆ ಕೊಟ್ಟಿದ್ದ. ಮುಂಜಾನೆಯಿಂದ ಸಂಜೆಯವರೆಗೆ ಇಳಕಲ್ಲಿನಲ್ಲಿ. ಲಲಿತಾ ಅದನ್ನು ಗಟ್ಟಿ ಮಾಡಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಅವಳಿಗೆ ಬೇಕಾದವಳು ಮೊದಲ ದಿನವೇ ಗೊತ್ತಾಗಿದ್ದಳಲ್ಲ.

"ಆ ಬ್ಯಾರೆ ಡಿಸ್ಕಿನ ಹಾದಿ ಏನಂತ ಐತಿ, ಓದು ನೋಡೋಣ," ಎಂದಳು. ಪಂಚನಾಮೆಗೆ ಬರೆದುಕೊಳ್ಳಬೇಕಿತ್ತು.

ಮತೀನ ಬೆರಳಿಟ್ಟು ತೋರಿಸಿದ. ಇಂಗ್ಲಿಷ್ ಅಕ್ಷರದಲ್ಲಿ, ಗೆರೆಯ ಪಕ್ಕ ಗೆರೆ, ಕಡೆಗೆ ಡಿಸ್ಕಿಗೆ ಇಟ್ಟ ಹೆಸರು: ಹುಲ್ಲಪ್ಪ.

ಲಲಿತಾ ಪೆನ್ನು ತೆರೆದಳು. ತೆರೆದವಳು ಬರೆಯಲಿಲ್ಲ.

ಹುಲ್ಲಪ್ಪ. ಅವಳಿಗೆ ತನ್ನ ಅವ್ವ ನೆನಪಾದಳು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನವ್ವಾ ಎಂದು ಕೇಳಿದರೆ ಅವ್ವ ಮಗಳ ಬೆನ್ನು ತಿವಿಯುತ್ತಿದ್ದಳು, ನೀ ಹೇಳು ಅಂತ. ಗಂಡನ ಹೆಸರು, ಮಾವನ ಹೆಸರು ಸಾಯುವವರೆಗೂ ಅವಳ ಬಾಯಲ್ಲಿ ಬರಲಿಲ್ಲ. ಈ ಓಣಿಯಲ್ಲಿ ಇವತ್ತಿಗೂ ಅನೇಕರ ಮನೆಯಲ್ಲಿ ಹಾಗೇ. ಆದರೆ ಇವಳು ಕಂಪ್ಯೂಟರ್ ಕಲಿತವಳು, ಇವಳಿಗೆಲ್ಲಿಯ ಅದು?

"ಏ ಸುರೇಖಾ, ನಿಮ್ಮ ಮಾವನ ಹೆಸರೇನು?"

ಸುರೇಖಾ ತಲೆಯೆತ್ತಿದಳು. "ನಿಮಗ ಗೊತ್ತೈತಲ್ರಿ."

"ನೀ ಹೇಳು."

"ನನಗ ಮಾವನೂ ಅವ್ರ, ಗುರುನೂ ಅವ್ರ. ನಾ ಹೆಂಗ ಹೇಳ್ಲಿ?"

"ಹೇಳಂದ್ರ ಹೇಳಬೇಕು. ಪೊಲೀಸ್ರು ಕೇಳಾಕತ್ತಾರ!"

"ಹೊಡದ್ರೂ ಹೇಳೂದಿಲ್ರಿ ಮೇಡಂ."

ಜೋರಾಗಿ ಹೇಳಲಿಲ್ಲ ಅವಳು. ನೀರಿನ ಕೊಡ ಎಲ್ಲಿದೆ ಅಂತ ಹೇಳುವಷ್ಟು ಸಾದಾ ಹೇಳಿದಳು.

"ಮತೀನ, ಇಕಿ ಬರದದ್ದೆಲ್ಲಾ ತಗಿ. ಹಾಡಿದವರ ಹೆಸರಿನ ಖಾನೆ ನೋಡು."

ಮತೀನ ಹುಡುಕಿದ. ಮೊದಲು ನಕ್ಕ, ಆಮೇಲೆ ನಗು ನಿಂತಿತು. "ಎರಡುನೂರಾ ಹನ್ನೆರಡು ಹಾಡು ಹಾಕ್ಯಾಳ್ರಿ ಹುಲ್ಲಪ್ಪನವರವು. ಎಲ್ಲಾ ಕಡೆ 'ಮಾವಾರು', 'ಮಾವಾರು', 'ಮಾವಾರು'. ಒಂದ ಕಡೆನೂ ಹೆಸರಿಲ್ಲ. ಟ್ರಸ್ಟಿನವ್ರು ಮೂರು ಸಲ ಪತ್ರ ಬರದಾರ, ಸರಿಯಾಗಿ ಹೆಸರು ಹಾಕ್ರಿ ಅಂತ. ಹಾಕಿಲ್ಲ."

ನೌಕರಿ ಹೋದೀತೆಂದರೂ ಆ ಹೆಸರು ಬರೆಯದವಳು ಕಳ್ಳತನದ ಡಿಸ್ಕಿಗೆ ಅದನ್ನು ಬರೆಯುತ್ತಾಳೆಯೇ? ಲಲಿತಾಗೆ ಸಿಟ್ಟು ಬಂತು. ಕಳ್ಳರ ಮೇಲಲ್ಲ, ಆ ಹೆಸರಿನ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿತ್ತು ಅದು. ಕಣ್ಣು ಮುಚ್ಚಿಕೊಂಡು ಕಾಗದ ಕೊಟ್ಟುಬಿಡಲೇ ಎಂದೂ ಒಂದು ಕ್ಷಣ ಅನಿಸಿತು. ಯಾರಿಗೆ ಗೊತ್ತಾಗುತ್ತಿತ್ತು? ಮತೀನನ ಬಾಯಿ ಬಿಗಿ.

ಕಾಗದ ಬ್ಯಾಗಿನೊಳಗೇ ಬಿಟ್ಟು ಕೈ ಹೊರಗೆ ತೆಗೆದಳು.

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

ಸುರೇಖಾ ಮುಖ ತಿರುಗಿಸಿದಳು.

"ಆ ಸಾಲು ತಿದ್ದೂದು ಯಾರಿಗೆ ಬರತೈತಿ?"

"ಹ್ವಾದ ವರ್ಷ ಡಿಸ್ಕು ತುಂಬಿದಾಗ ಹೊಸಾದಕ್ಕ ಸಾಲು ತಿದ್ದಿದ್ನಿರಿ. ಆವಾಗ..." ಸುರೇಖಾ ಸೆರಗು ಬಾಯಿಗೆ ಹಿಡಿದಳು. "ಆವಾಗ ಮನ್ಯಾಗಿನವ್ರು ಬಾಜೂಕ ಕುಂತು ನೋಡಿದ್ರು. ಇಷ್ಟ ಏನು, ಒಂದ ಸಾಲು ಏನು, ಅಂತ ನಕ್ಕಿದ್ರು."

ಮನೆಯವರು. ಮುತ್ತುರಾಜ.

"ಇದನ್ನ ಇಪ್ಪತ್ತು ದಿನ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ನೀವು ನಂಬತಿದ್ರೇನ್ರಿ?" ಸುರೇಖಾ ಮೊದಲ ಸಲ ನೇರವಾಗಿ ಅವಳ ಕಣ್ಣಲ್ಲಿ ಕಣ್ಣಿಟ್ಟಳು. "ನೀವು ಯಾರಂತ ನನಗ ಗೊತ್ತಿಲ್ಲಂತ ತಿಳಕೊಂಡೀರೇನು? ಈ ಮನಿಗೆ ಬಂದಾಗಿಂದ ನಿಮ್ಮ ಹೆಸರು ಕೇಳಿ ಕೇಳಿ ಸಾಕಾಗೇತಿ. ನಾ ಒಂದು ಪಲುಕು ತಪ್ಪಿದ್ರ, ಲಲಿತಾ ಆಗಿದ್ರ ಹಿಂಗ ತಪ್ಪತಿರಲಿಲ್ಲ. ನಾ ಚಂದ ಹಾಡಿದ್ರ, ಲಲಿತಾನೂ ಹಿಂಗ ಹಾಡತಿದ್ಲು. ಹನ್ನೊಂದು ವರ್ಷ! ಅಗೋ ಅಲ್ಲಿ ಮೊಳಿಗೆ ತಾಳ ಅದಾವಲ್ರಿ, ಅವು ನಿಮ್ಮವು. ವರ್ಷಕ್ಕೊಮ್ಮೆ ಮಾವಾರು ದಾರ ಬದಲಿಸತಿದ್ರು. ನನಗ ಒಂದ ದಿನಾನೂ ಮುಟ್ಟಗೊಡಲಿಲ್ಲ."

ಲಲಿತಾಗೆ ತನ್ನ ಹೊಟ್ಟೆಯೊಳಗಿನ ಕಿಚ್ಚೇ ಎದುರು ನಿಂತು, ಬೇರೊಬ್ಬಳ ಬಾಯಿಂದ ಮಾತಾಡಿದ ಹಾಗಾಯಿತು. ತಾನು ಇವಳನ್ನು ಕಂಡು ಉರಿಯುತ್ತಿದ್ದಾಗ ಇವಳು ತನ್ನ ಹೆಸರು ಕೇಳಿ ಉರಿಯುತ್ತಿದ್ದ ಸಂಗತಿ ಅವಳ ಕನಸಿನಲ್ಲೂ ಇರಲಿಲ್ಲ. ಒಂದಿಷ್ಟು ಸಮಾಧಾನವೂ ಆಯಿತು. ಆದದ್ದಕ್ಕೆ ನಾಚಿಕೆಯೂ ಆಯಿತು.

"ಮೇಡಂ." ಮತೀನನ ದನಿ ಬದಲಾಗಿತ್ತು. "ಇನ್ನೊಂದು ಐತ್ರಿ ಇಲ್ಲಿ."

"ಏನು?"

"ಆ ಮೂರೂ ನಲವತ್ತು, ಐದೂ ಐದರ ನಡುವ ಎರಡು ಧ್ವನಿ ಹಿಡದಾರ. ಒಂದು ಜವಾಬು. ಇನ್ನೊಂದು ಮೂರೂ ನಲವತ್ತಾರಕ್ಕ, ಮೂವತ್ತು ಸೆಕೆಂಡಿಂದು. ಹೊಸಾ ಡಿಸ್ಕು ಬರೋಬ್ಬರಿ ಐತೋ ಇಲ್ಲೋ ಅಂತ ಪರೀಕ್ಷಾ ಮಾಡ್ಯಾರ ಅನಸ್ತೈತಿ. ಅದಕ್ಕ ಹೆಸರು ಕೊಟ್ಟಿಲ್ಲ, ಅದಕ್ಕ ನಮಗ ಪಟ್ಟಿಯಾಗ ಕಂಡಿದ್ದಿಲ್ಲ."

"ಅದೂ ಆ ಡಿಸ್ಕಿನ ಜೋಡಿ ಹೋಗಿರಬೇಕಲ್ಲೋ."

"ಹೋಗಿಲ್ರಿ! ಅದ ಮಜಾ." ಮತೀನ ಖುಷಿಯಲ್ಲಿ ಮೇಜು ಬಡಿದ. "ಸೆಟ್ಟಿಂಗಿನ್ಯಾಗ ಹಾದಿ ಸಾಲಿನ ಕೆಳಗ ಇನ್ನೊಂದು ಸಾಲು ಐತಿ. ನೂರು ಕೆಬಿಗಿಂತ ಸಣ್ಣದು ಏನ ಬಂದ್ರೂ ಡಿಸ್ಕಿಗೆ ಕಳಸಬ್ಯಾಡ, ಒಳಗ ಡೇಟಾಬೇಸ್‌ನ್ಯಾಗ ಇಟಗೋ ಅಂತ. ಈ ಮೂವತ್ತು ಸೆಕೆಂಡು ಅರವತ್ತು ಕೆಬಿ. ಅದು ಈ ಮಷೀನ್ಯಾಗ ಉಳದೈತಿ. ಕದ್ದಾಂವಗ ಈ ಎರಡನೇ ಸಾಲು ಗೊತ್ತಿಲ್ಲ."

"ಆ ಸಾಲು ಯಾರು ಹಾಕಿದ್ದು?"

ಮತೀನ ಮೂಲೆಯ ಕಡೆ ಕಣ್ಣು ಹಾಯಿಸಿದ. "ಇಕೀನ."

ಹೆಸರಿದ್ದದ್ದಕ್ಕೆ ದನಿಯಿಲ್ಲ, ದನಿಯಿದ್ದದ್ದಕ್ಕೆ ಹೆಸರಿಲ್ಲ. ಸುರೇಖಾಳೇ ಕಳ್ಳಿಯಾಗಿದ್ದರೆ ತಾನೇ ಬರೆದ ಸಾಲು ಮರೆಯುತ್ತಿದ್ದಳೇ? ಇನ್ನು ವಾದವೇ ಇರಲಿಲ್ಲ. ಲಲಿತಾ ಕುರ್ಚಿ ಎಳೆದು ಕೂತಳು.

"ಹಚ್ಚು."

"ಮೇಡಂ, ಬ್ಯಾಡ್ರಿ," ಎಂದಳು ಸುರೇಖಾ.

"ಯಾಕ?"

"ಬ್ಯಾಡ್ರಿ. ನನ್ನ ಹಿಡಕೊಂಡು ನಡೀರಿ. ನಾನ ಮಾಡೇನಿ ಅಂತ ಬರಕೋರಿ. ಸಹಿ ಮಾಡತೇನಿ."

ಗಂಡನನ್ನು ಉಳಿಸಲು ಹೊರಟಿದ್ದಾಳೆ ಅಂದುಕೊಂಡಳು ಲಲಿತಾ. ಅದರಲ್ಲೂ ಇವಳೇ ಮೇಲಾದಳಲ್ಲ ಎಂದು ಹಳೇ ಕಿಚ್ಚು ಮತ್ತೆ ಸಣ್ಣಗೆ ಹೊಗೆಯಾಡಿತು. "ಹಚ್ಚೋ ಮತೀನ."

ಮೊದಲು ಕೆಮ್ಮು. ಆ ಕೆಮ್ಮು ಕೇಳಿದ್ದೇ ಹೊರಗಿನ ಮುದುಕರಿಬ್ಬರೂ ಬಾಗಿಲಿಗೆ ಬಂದು ನಿಂತರು. ಸತ್ತವನ ಕೆಮ್ಮು ಊರಿಗೇ ಗೊತ್ತಿತ್ತು.

"ಚಾಲೂ ಆತೇನೋ ಮುತ್ತೂ?"

"ಪರೀಕ್ಷಾ ಮಾಡಾಕತ್ತೇನಪ್ಪಾ. ಏನರ ಮಾತಾಡು."

ಮುತ್ತುರಾಜನ ದನಿ. ಇಳಕಲ್ಲಿನಲ್ಲಿದ್ದೆ ಎಂದು ಪೊಲೀಸರಿಗೆ ಸಹಿ ಹಾಕಿಕೊಟ್ಟವನು, ಅಪ್ಪ ಸಾಯಲು ಎರಡೇ ಎರಡು ತಾಸು ಇರುವಾಗ, ಇದೇ ಕೋಣೆಯಲ್ಲಿ ಇದ್ದ. ಲಲಿತಾ ಮತೀನನ ತೋಳು ಗಟ್ಟಿಯಾಗಿ ಹಿಡಿದಳು.

"ಏನ ಮಾತಾಡ್ಲಿ? ಜವಾಬು ಯಾರಿಗೆ ಅಂತ ಮೊದಲ ಹೇಳಿಬಿಡತೇನಿ. ನಿನಗಲ್ಲ. ಸುರೇಖಾಗೂ ಅಲ್ಲ. ಆಕಿ ಹಾಡತಾಳ ಚಂದ, ಆದ್ರ ಆಕಿಗಿಂತ ಮೊದಲ ಒಬ್ಬಾಕಿಗೆ ಮಾತು ಕೊಟ್ಟೇನಿ. ಖಾಕಿ ಸೊಸಿ ಬ್ಯಾಡಂದಾಂವ ನೀ. ನಾ ಅಂದಿದ್ದಿಲ್ಲ. ಆ ತಾಳ ಯಾರವು, ಈ ಜವಾಬೂ ಅಕೀದ. ಲಲಿತಾಂದು."

"ಸಾಕಪ್ಪಾ, ಸಾಕು."

ಟಕ್.

ಬಾಗಿಲಲ್ಲಿದ್ದ ಮುದುಕನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಲಲಿತಾಳ ಕಣ್ಣು ತುಂಬಿ ಬಂತು. ಎಷ್ಟೋ ವರ್ಷ ಆ ಮುದುಕನನ್ನು ಬೈದುಕೊಂಡೇ ಬದುಕಿದ್ದಳು ಅವಳು. ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸಿ ಹೋಗಿದ್ದಳು, ಎರಡು ಸಲ. ಅವನ ಮಣ್ಣಿಗೂ ಬಂದಿರಲಿಲ್ಲ.

ಕಣ್ಣೊರೆಸಿಕೊಂಡಾಗಲೇ ಅವಳೊಳಗಿನ ಪೊಲೀಸು ಎಚ್ಚರಾದದ್ದು. ಮತೀನ ಬೆಚ್ಚಿದ್ದ, ಮುದುಕರು ಬೆಚ್ಚಿದ್ದರು, ತಾನೂ ಬೆಚ್ಚಿದ್ದಳು. ಸುರೇಖಾ ಬೆಚ್ಚಿರಲಿಲ್ಲ. ಹೆಸರು ಬರುವುದಕ್ಕೆ ಮುಂಚೆಯೇ, 'ತಾಳ' ಅಂದಾಗಲೇ, ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು.

"ನೀ ಇದನ್ನ ಮೊದಲ ಕೇಳೀದಿ," ಅಂದಳು ಲಲಿತಾ.

"ಕೇಳೇನ್ರಿ. ಸೀಲ್ ಮಾಡೂ ಮೊದಲ. ಮಾವಾರು ಹ್ವಾದ ಮರುದಿನ ಮುಂಜಾನೆ."

"ಇದೊಂದು ತೋರಿಸಿದ್ರ ನಿನ್ನ ಮ್ಯಾಲಿನ ಕಳವು ಅವತ್ತ ಹೋಗತಿತ್ತು."

"ಹೋಗತಿತ್ತು. ಆದ್ರ ಆ ಹೆಸರು ಮಂದಿ ಕಿವಿಗೆ ಬೀಳತಿತ್ತು." ಸುರೇಖಾಳ ಕೆನ್ನೆ ತೊಯ್ದಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಕಲತಾಕಿ ನಾನು. ದವಾಖಾನಿಗೆ ಕರಕೊಂಡು ಹ್ವಾದಾಕಿ ನಾನು. ಗಂಜಿ ಕುಡಿಸಿದಾಕಿ ನಾನು. ಜವಾಬು ನಿಮಗ! ಕಳ್ಳಿ ಅನಿಸಿಕೊಂಡ್ರೂ ಚಿಂತಿಲ್ಲ, ಅದು ನಿಮಗ ಸಿಗಬಾರದು ಅಂತ ಸುಮ್ಮನಿದ್ನಿ. ತಪ್ಪಂದ್ರ ತಪ್ಪು ಅನ್ರಿ."

ತಪ್ಪು ಅನ್ನುವ ಬಾಯಿ ಲಲಿತಾಗೆ ಎಲ್ಲಿತ್ತು?

"ನಿನ್ನ ಗಂಡ ಈಗ ಎಲ್ಲಿ? ಇಳಕಲ್ಲಿನ್ಯಾಗ?"

ಮತೀನ ಆಗಲೇ ಫೋನು ಹಚ್ಚಿದ್ದ. ಸ್ವಿಚ್ ಆಫ್.

"ಇಳಕಲ್ಲಿಗೆ ಹೋಗಿಲ್ರಿ," ಎಂದಳು ಸುರೇಖಾ. "ಕೂಡಲಸಂಗಮಕ್ಕ ಹೋಗ್ಯಾರ. ಡಿಸ್ಕು ಅರಿವ್ಯಾಗ ಸುತಗೊಂಡು ಒಯ್ದಾರ. ಹೊತ್ತು ಮುಳುಗೂ ವ್ಯಾಳ್ಯಾಕ ಹೊಳಿಗೆ ಬಿಟ್ಟು ಬರತೇನಿ, ಇದರ ಕಾಟ ಮುಗೀಲಿ ಅಂದ್ರು ಮುಂಜಾನಿ. ನಾ ತಡೀಲಿಲ್ಲ."

ಗಡಿಯಾರ ಐದೂವರೆ ತೋರಿಸುತ್ತಿತ್ತು. ಹೊತ್ತು ಮುಳುಗಲು ಒಂದು ತಾಸು. ಸಂಗಮಕ್ಕೆ ಜೀಪಿನಲ್ಲಿ ಎಷ್ಟು ಓಡಿಸಿದರೂ ಒಂದು ತಾಸು.

"ಮತೀನ, ಆ ತುಣುಕು ನಕಲು ತಗಿ. ಎರಡು ತಗಿ. ಮಷೀನು ಬಿಟ್ಟು ಅಲ್ಲಾಡಬ್ಯಾಡ. ಸಂಗಮದ ಕಡೆ ನಮ್ಮವ್ರು ಯಾರರ ಇದ್ರ ಫೋನ್ ಹಚ್ಚತನ ಇರು." ಜೀಪಿನ ಕೀಲಿ ಕಸಿದುಕೊಂಡು ಹೊಸ್ತಿಲು ದಾಟಿದಳು.

ಹಿಂದಿನಿಂದ ಗಲ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಸುರೇಖಾ. ಮೊಳೆಯಿಂದ ತಾಳ ಇಳಿಸಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ಅವಳು ಅವನ್ನು ಮುಟ್ಟಿದ್ದು ಅದೇ ಮೊದಲು.

"ನಾನೂ ಬರತೇನಿ. ಅವ್ರು ಯಾವ ಕಡೆ ನಿಂತಿರತಾರ ನನಗ ಗೊತ್ತೈತಿ. ನಾ ಇಲ್ಲದ ನೀವು ಹುಡಕೂದ್ರಾಗ ಹೊತ್ತು ಮುಳುಗತೈತಿ."

ಲಲಿತಾ ಅವಳ ಮುಖ ನೋಡಿದಳು, ತಾಳ ನೋಡಿದಳು.

"ಯಾಕ ಬರ್ತೀರಿ?" ಮೊದಲ ಸಲ ಅವಳ ಬಾಯಲ್ಲಿ 'ರಿ' ಬಂತು. "ಅದನ್ನ ಉಳಸಾಕೋ, ಮುಳುಗಸಾಕೋ?"

ಸುರೇಖಾ ಜೀಪು ಹತ್ತಿ ಕೂತಳು. ತಾಳ ಮಡಿಲಲ್ಲಿಟ್ಟುಕೊಂಡಳು.

"ಅದು ನನಗೂ ಇನ್ನಾ ಗೊತ್ತಿಲ್ಲ ಅಕ್ಕಾ. ಗಾಡಿ ಚಾಲೂ ಮಾಡ್ರಿ."